ಅರ್ಧಕ್ಕೆ ನಿಂತ ಪ್ರಿಂಟು: ಮೆಮೊರಿ ಖಾಲಿ ಮಾಡುವ ಸರಿಯಾದ ಕ್ರಮ

ಪ್ರಿಂಟರ್ ಅರ್ಧಕ್ಕೆ ನಿಂತರೆ ಹೆಚ್ಚಿನವರು ಮಾಡುವುದು ಒಂದೇ: ಆಫ್ ಮಾಡಿ ಆನ್ ಮಾಡುವುದು. ಆಮೇಲೆ ಹಾಳೆಯ ಮೇಲೆ ಹಾಳೆ ಬರತೊಡಗುತ್ತದೆ. ಪ್ರತಿ ಹಾಳೆಯ ತಲೆಯಲ್ಲಿ ಅರ್ಥವಿಲ್ಲದ ಒಂದು ಸಾಲು, ಉಳಿದದ್ದೆಲ್ಲ ಖಾಲಿ. ಯಂತ್ರ ಕೆಟ್ಟಿರುವುದಿಲ್ಲ. ಕಳಿಸಿದ ಕೆಲಸ ಎರಡು ಕಡೆ ಕೂತಿರುತ್ತದೆ: ಒಂದಷ್ಟು ಪ್ರಿಂಟರಿನ ಮೆಮೊರಿಯಲ್ಲಿ, ಮಿಕ್ಕದ್ದು ಕಂಪ್ಯೂಟರಿನ ಸ್ಪೂಲ್ ಫೋಲ್ಡರಿನಲ್ಲಿ (ಅಚ್ಚಿಗೆ ಸರದಿ ಕಾಯುವ ಕೆಲಸಗಳ ಜಾಗ). ಆಫ್ ಮಾಡಿದರೆ ಅಳಿಯುವುದು ಮೊದಲನೆಯದು ಮಾತ್ರ. ಬರುವ ಮಾಹಿತಿಯನ್ನು ಹೇಗೆ ಓದಬೇಕೆಂದು ತಿಳಿಸುವ ಆರಂಭದ ಆದೇಶಗಳು ಅದರೊಂದಿಗೇ ಹೋಗಿಬಿಡುತ್ತವೆ. ಕಂಪ್ಯೂಟರ್ ಉಳಿದ ಬಾಲವನ್ನು ಕಳಿಸುತ್ತದೆ, ಪ್ರಿಂಟರ್ ಅದನ್ನು ಬರೀ ಅಕ್ಷರವೆಂದುಕೊಂಡು ಅಚ್ಚುಹಾಕುತ್ತದೆ.

ಹಾಗಾಗಿ ಮೊದಲು ಕಂಪ್ಯೂಟರನ್ನು ತಡೆಯಬೇಕು, ಪ್ರಿಂಟರ್ ಆಮೇಲೆ. ವಿಂಡೋಸ್‌ನಲ್ಲಿ ಹೀಗೆ ಮಾಡಿ.

ಟ್ರೇಯಿಂದ ಹಾಳೆ ತೆಗೆದಿಡಿ. ಸ್ಟಾರ್ಟ್ ಮೆನುವಿನಲ್ಲಿ ‘ಸರ್ವಿಸಸ್’ ಹುಡುಕಿ ತೆರೆಯಿರಿ. ಆ ಕೆಲಸಗಳನ್ನು ಪ್ರಿಂಟರಿಗೆ ಕಳಿಸುವ ‘ಪ್ರಿಂಟ್ ಸ್ಪೂಲರ್’ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟಾಪ್’ ಕೊಡಿ. ಈಗ ಪ್ರಿಂಟರನ್ನು ಅದರ ಬಟನ್‌ನಿಂದಲೇ ಆಫ್ ಮಾಡಿ, ಪರದೆಯೂ ದೀಪಗಳೂ ಆರಿದ ಮೇಲೆ ಪ್ಲಗ್ ಮತ್ತು ಡೇಟಾ ಕೇಬಲ್ ಎರಡನ್ನೂ ಕಳಚಿ ಅರ್ಧ ನಿಮಿಷ ಬಿಡಿ. ಬಟನ್ ಒತ್ತಿದ್ದಷ್ಟೇ ಸಾಲದು, ಎಷ್ಟೋ ಯಂತ್ರಗಳು ಆಗ ಸ್ಟ್ಯಾಂಡ್‌ಬೈಗೆ ಹೋಗುತ್ತವೆಯೇ ಹೊರತು ಪೂರ್ತಿ ಆರುವುದಿಲ್ಲ. ಒಳಗೆ ಹಾರ್ಡ್ ಡಿಸ್ಕ್ ಇರುವ ದೊಡ್ಡ ಯಂತ್ರವಾದರೆ ಉಳಿಸಿಟ್ಟ ಕೆಲಸಗಳನ್ನು ಪ್ಯಾನೆಲ್‌ನ ಜಾಬ್ ಪಟ್ಟಿಯಿಂದಲೇ ಅಳಿಸಬೇಕು.

ಮುಂದಿನದು ಸ್ಪೂಲ್ ಫೋಲ್ಡರ್. ಸಿ ಡ್ರೈವ್, ಅದರೊಳಗೆ ವಿಂಡೋಸ್, ಸಿಸ್ಟಮ್32, ಸ್ಪೂಲ್, ಕೊನೆಗೆ ಪ್ರಿಂಟರ್ಸ್. ಅನುಮತಿ ಕೇಳಿದರೆ ‘ಕಂಟಿನ್ಯೂ’ ಒತ್ತಿ. ಅಲ್ಲಿರುವ ಎಸ್‌ಪಿಎಲ್ ಫೈಲುಗಳು ಅಚ್ಚಾಗಬೇಕಾದ ಮಾಹಿತಿ. ಎಸ್‌ಎಚ್‌ಡಿ ಫೈಲುಗಳು ಅದು ಯಾರ ಕೆಲಸ, ಯಾವ ಪ್ರಿಂಟರಿಗೆ ಎಂಬ ಚೀಟಿ. ಎರಡನ್ನೂ ಅಳಿಸಿ. ಫೋಲ್ಡರನ್ನು ಮಾತ್ರ ಮುಟ್ಟಬೇಡಿ. ಫೈಲ್ ಬಳಕೆಯಲ್ಲಿದೆ ಎಂದು ತಕರಾರು ಬಂದರೆ ಸ್ಪೂಲರ್ ಇನ್ನೂ ನಿಂತಿಲ್ಲವೆಂದರ್ಥ. ಹಲವರು ಹಂಚಿಕೊಂಡ ಕಂಪ್ಯೂಟರಾದರೆ ಉಳಿದವರ ಕೆಲಸಗಳೂ ಹೋಗುತ್ತವೆ, ಮೊದಲೇ ತಿಳಿಸಿ.

ಪ್ಲಗ್ ಮತ್ತು ಕೇಬಲ್ ಜೋಡಿಸಿ ಪ್ರಿಂಟರ್ ಆನ್ ಮಾಡಿ, ‘ರೆಡಿ’ ತೋರಿಸುವವರೆಗೂ ಕಾಯಿರಿ. ಸ್ಪೂಲರ್‌ಗೆ ‘ಸ್ಟಾರ್ಟ್’ ಕೊಡಿ. ಹಾಳೆ ಕೊನೆಗೆ.

ಅದೇ ಕಡತ ಮತ್ತೆ ಅಲ್ಲೇ ನಿಂತರೆ ಕಾರಣ ಹೆಚ್ಚಾಗಿ ಅದರ ಗಾತ್ರ. 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ಒಂದು ಎ4 ಪುಟವೆಂದರೆ ಸುಮಾರು 3.5 ಕೋಟಿ ಚುಕ್ಕೆ. ಚುಕ್ಕೆಗೆ ಒಂದು ಬಿಟ್‌ನಂತೆ ಕಪ್ಪು-ಬಿಳುಪಿಗೇ 4 ಎಂಬಿ ದಾಟುತ್ತದೆ. 1200 ಮಾಡಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 17 ಎಂಬಿ. ಬಣ್ಣದಲ್ಲಿ ನಾಲ್ಕು ಶಾಯಿಗೂ ಒಂದೊಂದು ಪದರ. ಇಂಕ್‌ಜೆಟ್ ಒಂದು ಪಟ್ಟಿ ಬರೆದು ಮುಂದಿನದಕ್ಕೆ ಕಾಯಬಲ್ಲದು. ಲೇಸರ್‌ನಲ್ಲಿ ಡ್ರಮ್ ತಿರುಗತೊಡಗಿದರೆ ಪುಟದ ನಡುವೆ ನಿಲ್ಲಿಸುವಂತಿಲ್ಲ, ಮಾಹಿತಿ ಹೊತ್ತಿಗೆ ಸರಿಯಾಗಿ ಸಿದ್ಧವಿರಲೇಬೇಕು. ಒಂದೇ ಪುಟದ ಮೇಲರ್ಧ ಒಂದು ಹಾಳೆಯಲ್ಲಿ, ಕೆಳಗಿನರ್ಧ ಇನ್ನೊಂದರಲ್ಲಿ ಬಂದರೆ ಮೆಮೊರಿ ಸಾಲದಾಗಿದೆ ಎಂದು ಮೊದಲು ಅನುಮಾನಿಸಿ.

ರೆಸಲ್ಯೂಶನ್ 600ಕ್ಕೆ ಇಳಿಸಿ. ಕಚೇರಿಯ ಕಾಗದಪತ್ರಕ್ಕೆ 1200 ಬೇಡವೇ ಬೇಡ. ಫೋಟೊಗಳನ್ನು ಅಚ್ಚಾಗುವ ಅಳತೆಗೆ 300 ಡಿಪಿಐಗೆ ಕುಗ್ಗಿಸಿ. ಉದ್ದದ ಕಡತವನ್ನು ಹತ್ತು ಹತ್ತು ಪುಟವಾಗಿ ಕಳಿಸಿ. ನಕ್ಷೆ, ಪಾರದರ್ಶಕ ಪದರಗಳಿರುವ ಪಿಡಿಎಫ್ ಒಂದು ಪುಟದಲ್ಲೇ ಸಿಕ್ಕಿಕೊಂಡರೆ ಅಕ್ರೊಬ್ಯಾಟ್‌ನ ಪ್ರಿಂಟ್ ಕಿಟಕಿಯಲ್ಲಿ ‘ಅಡ್ವಾನ್ಸ್ಡ್’ ಒತ್ತಿ ‘ಪ್ರಿಂಟ್ ಆ್ಯಸ್ ಇಮೇಜ್’ ಗುರುತು ಹಾಕಿ. ಸಣ್ಣ ಅಕ್ಷರದ ಅಂಚು ತುಸು ಮಂಕಾಗಬಹುದು, ಆದರೆ ಪುಟ ಸಾಮಾನ್ಯವಾಗಿ ಹೊರಬರುತ್ತದೆ. ಪ್ರಿಂಟರಿನ ವೇಗ ಹೆಚ್ಚಿಸುತ್ತೇವೆನ್ನುವ ತಂತ್ರಾಂಶಗಳಿಗೆ ದುಡ್ಡು ಸುರಿಯಬೇಡಿ, ಇಲ್ಲದ ಮೆಮೊರಿಯನ್ನು ಅವು ಸೃಷ್ಟಿಸಲಾರವು.

ಇಷ್ಟಾದರೂ ಸಾಲದಿದ್ದರೆ ಮಾತ್ರ ಪ್ರಿಂಟರಿಗೆ ಹೆಚ್ಚುವರಿ ಮೆಮೊರಿ (RAM) ಕಾರ್ಡು. ಕಡಿಮೆ ಬೆಲೆಯ ಅನೇಕ ಲೇಸರ್‌ಗಳಲ್ಲಿ ಪುಟ ತಯಾರಿಸುವುದು ಕಂಪ್ಯೂಟರೇ. ಅವುಗಳಲ್ಲಿ ಸಾಮಾನ್ಯವಾಗಿ ಸ್ಲಾಟೇ ಇರುವುದಿಲ್ಲ. ಸ್ಲಾಟ್ ಇದ್ದರೆ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಕೊಳ್ಳಿ. ಹಳೆಯ ಲ್ಯಾಪ್‌ಟಾಪಿನದು ಸ್ಲಾಟಿಗೆ ಕೂತರೂ ಪ್ರಿಂಟರ್ ಅದನ್ನು ಗುರುತಿಸದಿರಬಹುದು. ಹಾಕಿದ ಮೇಲೆ ಕಾನ್ಫಿಗರೇಶನ್ ಪುಟ ಅಚ್ಚುಹಾಕಿ ಮೆಮೊರಿಯ ಅಂಕಿ ಏರಿದೆಯೇ ನೋಡಿ. ಡ್ರೈವರಿನ ‘ಪ್ರಿಂಟರ್ ಪ್ರಾಪರ್ಟೀಸ್’ನ ‘ಡಿವೈಸ್ ಸೆಟ್ಟಿಂಗ್ಸ್’ನಲ್ಲಿ ಮೆಮೊರಿಯ ಸಾಲಿದ್ದರೆ ಅಲ್ಲೂ ಅದೇ ಅಂಕಿ ತುಂಬಿ.