ಮನೆಮಂದಿಗೆಲ್ಲ ವ್ಯಾಯಾಮ: ಬಿಡುವು ಹೊಂದಿಸುವುದು ಹೇಗೆ?

ಬೆಳಿಗ್ಗೆ ಡಬ್ಬಿ, ಸ್ಕೂಲ್ ವ್ಯಾನು, ಡ್ಯೂಟಿ. ಸಂಜೆ ಹೋಂವರ್ಕ್, ಅಡುಗೆ. ಇದರ ನಡುವೆ ವ್ಯಾಯಾಮಕ್ಕೆಂದು ಒಂದು ಗಂಟೆ ಸಿಗುವುದು ಕಷ್ಟ. ಹತ್ತು ಹದಿನೈದು ನಿಮಿಷ ಮಾತ್ರ ಖಂಡಿತ ಸಿಗುತ್ತದೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲಕ್ಕೆ 10 ನಿಮಿಷವಾದರೂ ಮಾಡಬೇಕೆಂಬ ಹಳೆಯ ಷರತ್ತನ್ನು 2020ರಲ್ಲಿ ತೆಗೆದುಹಾಕಿದೆ. ಐದು ನಿಮಿಷ ಮಾಡಿದರೂ ಲೆಕ್ಕಕ್ಕೆ ಬರುತ್ತದೆ.

ಮೊದಲ ಹೆಜ್ಜೆ, ಭಾನುವಾರ ರಾತ್ರಿ ಎಲ್ಲರೂ ಕೂತು ಯಾರಿಗೆ ಯಾವಾಗ ಬಿಡುವು ಎಂದು ಕ್ಯಾಲೆಂಡರ್ ಮೇಲೆ ಬರೆಯಿರಿ. ಮನೆಯ ಹೆಣ್ಣುಮಕ್ಕಳ ಹೊತ್ತನ್ನೇ ಮೊದಲು ಗುರುತು ಮಾಡಿ. ಬಹಳ ಮನೆಗಳಲ್ಲಿ ಗಂಡಸರು ವಾಕಿಂಗ್ ಹೋಗುತ್ತಾರೆ, ಹೆಂಗಸರು ಒಲೆ ಮುಂದೆಯೇ ಉಳಿಯುತ್ತಾರೆ. ಮನೆಗೆಲಸವೇ ವ್ಯಾಯಾಮ ಅಲ್ವಾ ಎಂದು ಸುಮ್ನೆ ಹೇಳಿಬಿಡುತ್ತೇವೆ. ಅದರಲ್ಲಿ ಮೈ ದಣಿಯುತ್ತದೆ ನಿಜ, ಮನಸ್ಸಿಗೆ ಬಿಡುವು ಎಲ್ಲಿದೆ? ವಾರದಲ್ಲಿ ಮೂರು ದಿನವಾದರೂ ಬೆಳಗಿನ ಟೀ, ಮಕ್ಕಳ ಡಬ್ಬಿ ಗಂಡನ ಪಾಲಿಗಿರಲಿ. ಆಕೆ ಅಷ್ಟು ಹೊತ್ತು ಹೊರಗೆ ನಡೆದು ಬರಲಿ.

ಎರಡನೆಯದು, ದಿನಕ್ಕೊಂದು ಬಗೆ ಇಟ್ಟುಕೊಳ್ಳಿ. ದಿನಾ ಒಂದೇ ರಸ್ತೆಯಲ್ಲಿ ನಡೆದರೆ ಬೇಗ ಬೇಜಾರಾಗುತ್ತದೆ. ನಡೆಯುವ ದಿನ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು.

ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಇದಕ್ಕೆ ಜಿಮ್ ಬೇಡ. ಕುಕ್ಕರ್ ಕೂಗುವಷ್ಟರಲ್ಲಿ ಹತ್ತು ಬಸ್ಕಿ ಆಗುತ್ತದೆ. ಮಂಡಿ ನೋವಿದ್ದರೆ ಕುರ್ಚಿಯಿಂದ ಎದ್ದು, ಮತ್ತೆ ನಿಧಾನ ಕೂತರೆ ಸಾಕು. ನೆಲದ ಮೇಲೆ ದಂಡ ಹೊಡೆಯಲು ಆಗದವರು ಗೋಡೆಗೆ ಅಂಗೈ ಊರಿ, ಒಂದು ಹೆಜ್ಜೆ ಹಿಂದೆ ನಿಂತು, ಮೊಣಕೈ ಮಡಚಿ ಎದೆಯನ್ನು ಗೋಡೆ ಹತ್ತಿರ ತಂದು ಹಿಂದಕ್ಕೆ ತಳ್ಳಲಿ.

ಇನ್ನು ಮಕ್ಕಳು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಓಡಾಟ ಬೇಕು. ಲಗೋರಿ, ಕುಂಟೆಬಿಲ್ಲೆ, ಹಗ್ಗದಾಟ ಯಾವುದಾದರೂ ಸರಿ, ನೀವೂ ಆಟಕ್ಕಿಳಿಯಿರಿ.

ಭಾನುವಾರ ಬೆಳಿಗ್ಗೆ ಕೋಟೆಗೆ ಹೋಗಿ. ಚಿತ್ರದುರ್ಗದವರಿಗೆ ಏಳು ಸುತ್ತಿನ ಕೋಟೆ ಊರಲ್ಲೇ ಇದೆ, ನೆಂಟರು ಬಂದಾಗ ಮಾತ್ರ ಹತ್ತುವುದು ಯಾಕೆ? ಒಂದು ವಾರ ಓಬವ್ವನ ಕಿಂಡಿಯವರೆಗೆ, ಇನ್ನೊಂದು ವಾರ ಹಿಡಿಂಬೇಶ್ವರ ದೇವಸ್ಥಾನದ ಕಡೆ. ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಓಬವ್ವ ಒನಕೆಯಿಂದ ಹೊಡೆದ ಕಥೆ ಹೇಳುತ್ತಾ ನಡೆದರೆ ಮಕ್ಕಳು ಕಾಲು ನೋವು ಎನ್ನುವುದಿಲ್ಲ. ಏರು ಬೇಡ ಎನ್ನುವ ಹಿರಿಯರಿದ್ದ ವಾರ ಚಂದ್ರವಳ್ಳಿಯ ಕೆರೆ ಕಡೆ ಹೋಗಬಹುದು. ಇಳಿಯುವಾಗ ಮಂಡಿಗೆ ಭಾರ ಜಾಸ್ತಿ ಬೀಳುತ್ತದೆ, ಸಣ್ಣ ಹೆಜ್ಜೆ ಇಡಿ. ಜಾರದ ಶೂ ಹಾಕಿ. ಮಳೆಯಲ್ಲಿ ನೆನೆದ ಬಂಡೆ ಹತ್ತಬೇಡಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಕೆಳಗಿಳಿಯಿರಿ, ಕಲ್ಲು ಕಾದರೆ ಕಷ್ಟ.

ಹೃದಯದ ತೊಂದರೆ, ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಏರು ಹತ್ತಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಪರೀಕ್ಷೆ, ಮದುವೆ, ನಾಯಕನಹಟ್ಟಿ ಜಾತ್ರೆ ಬಂದ ವಾರ ಲೆಕ್ಕ ತಪ್ಪುತ್ತದೆ. ತಪ್ಪಿದ್ದನ್ನು ಮರುವಾರ ಎರಡರಷ್ಟು ಮಾಡಿ ತುಂಬಲು ಹೋಗಬೇಡಿ, ಮೈಕೈ ನೋವು ಬಂದು ವ್ಯಾಯಾಮವೇ ಇನ್ನಷ್ಟು ದಿನ ನಿಂತುಹೋಗುತ್ತದೆ. ಆ ವಾರಕ್ಕೆ ಬಸ್ಕಿ ಮಾತ್ರ ಉಳಿಸಿಕೊಳ್ಳಿ.