ಹಲ್ಲಿ ಹೊಕ್ಕ ಸ್ಟಾರ್ಟರ್ ಬೋರ್ಡಿಗೆ ಐಪಿಎ ಒಂದೇ ಸಾಲದು

ಕೋಲಾರ, ಶ್ರೀನಿವಾಸಪುರ ಕಡೆಯ ತೋಟಗಳಿಂದ ರಿಪೇರಿಗೆ ಬರುವ ಮೊಬೈಲ್ ಸ್ಟಾರ್ಟರ್ (ಫೋನಿನಿಂದಲೇ ಪಂಪ್ ಮೋಟಾರ್ ಆನ್-ಆಫ್ ಮಾಡುವ ಪೆಟ್ಟಿಗೆ) ಬೋರ್ಡುಗಳಲ್ಲಿ ಸುಟ್ಟವು ಕಡಿಮೆ, ಗಲೀಜಾದವೇ ಹೆಚ್ಚು. ಪ್ಯಾನೆಲ್ಲಿನ ಕೇಬಲ್ ತೂತು ಯಾರೂ ಮುಚ್ಚಿರುವುದಿಲ್ಲ. ಒಳಗೆ ಬೆಚ್ಚಗಿರುವುದರಿಂದ ಹಲ್ಲಿ, ಇರುವೆ ಸೇರಿಕೊಳ್ಳುತ್ತವೆ, ಮೇಲೆ ಕೆಮ್ಮಣ್ಣಿನ ಧೂಳು ಬೇರೆ. ಹಿಕ್ಕೆಯಲ್ಲಿನ ಉಪ್ಪು ತೇವ ಹೀರಿ ಬೋರ್ಡಿನ ತಾಮ್ರದ ಗೆರೆಗಳ (ಟ್ರ್ಯಾಕು) ನಡುವೆ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಮಧ್ಯಾಹ್ನ ಸರಿಯಿದ್ದ ಸ್ಟಾರ್ಟರ್ ಬೆಳಗಿನ ಮಂಜಿಗೆ ತಾನಾಗಿ ಟ್ರಿಪ್ ಆದರೆ ಮೊದಲ ಅನುಮಾನ ಇದೇ.

ಇಂಥ ಬೋರ್ಡು ಕಂಡ ಕೂಡಲೇ ಕೈ ಐಪಿಎ ಬಾಟಲಿಗೆ ಹೋಗುತ್ತದೆ. ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಅದು ರೋಸಿನ್ ಫ್ಲಕ್ಸನ್ನು (ಬೆಸುಗೆ ಹಾಕುವಾಗ ಬಳಸುವ ರಾಳ), ಜಿಡ್ಡನ್ನು ಕರಗಿಸುತ್ತದೆ. ಉಪ್ಪನ್ನು ಕರಗಿಸುವುದಿಲ್ಲ ಎಂದರೂ ನಡೆದೀತು. ಶೇ. 99ರದ್ದರಲ್ಲಿ ಎಷ್ಟು ಉಜ್ಜಿದರೂ ಉಪ್ಪು ಜಾಗ ಬದಲಿಸುತ್ತದೆ, ಅಷ್ಟೆ. ಅದಕ್ಕೇ ನಾನು ಮೊದಲು ನೀರಿನಲ್ಲಿ ತೊಳೆಯುವುದು. ಕೊಳವೆಬಾವಿ ನೀರಲ್ಲ, ಅದರ ಬಿಳಿ ಪದರ ನಮ್ಮ ಗೀಸರ್‌ಗಳಲ್ಲಿ ಕಂಡಿದ್ದೇ ಸಾಕು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೇಕು.

ಮೇನ್ಸ್ ತೆಗೆದು, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಸಿಮ್ ಮತ್ತು ಬ್ಯಾಕಪ್ ಬ್ಯಾಟರಿ ಬಿಚ್ಚಿ, ಒಣ ಬ್ರಷ್‌ನಲ್ಲಿ ಧೂಳು ಉದುರಿಸುತ್ತೇನೆ. ಧೂಳಿನ ಮೇಲೇ ನೀರು ಬಿಟ್ಟರೆ ಕೆಸರಾಗಿ ಐಸಿ ಅಡಿಗೆ ನುಗ್ಗುತ್ತದೆ. ಟ್ರಾನ್ಸ್‌ಫಾರ್ಮರ್, ತೆರೆದ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಪ್ರಿಸೆಟ್ (ತಿರುಪಿ ಹೊಂದಿಸುವ ರೆಸಿಸ್ಟರ್) ಇವುಗಳಿಗೆ ಪ್ಲಾಸ್ಟಿಕ್ ಸುತ್ತಿ, ಕೂದಲು ಮೋಟು ಮಾಡಿದ ಹಲ್ಲುಜ್ಜುವ ಬ್ರಷ್‌ನಿಂದ ಎರಡು ಮೂರು ಸಲ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಬೇಕು. ಆಮೇಲೆ ಐಪಿಎ. ಅದು ನೀರಿನೊಂದಿಗೆ ಎಷ್ಟು ಬೇಕಾದರೂ ಬೆರೆಯುತ್ತದೆ, ಸಂದಿಗಳಿಗೆ ಇಳಿದು ಅಲ್ಲಿ ಉಳಿದ ನೀರನ್ನೂ ಎಳೆದು ತರುತ್ತದೆ. ಬೋರ್ಡನ್ನು ಓರೆಯಾಗಿ ಹಿಡಿದು ಮೇಲಿಂದ 20 ಮಿ.ಲೀ. ಬಿಟ್ಟು ಉಜ್ಜಿ, ಒಣಗುವ ಮುನ್ನವೇ ನೂಲು ಬಿಡದ ಬಟ್ಟೆಯಲ್ಲಿ ಒತ್ತಿ, ಹೊಸ ಐಪಿಎಯಿಂದ ಇನ್ನೊಂದು ಸಲ. ಈ ಎರಡನೇ ಸಲ ಬಿಟ್ಟವರೇ ‘ಬಿಳಿ ಕಲೆ ಬಂತು’ ಅನ್ನುವುದು. ಅದು ಅರ್ಧ ಕರಗಿ ಹರಡಿದ ಫ್ಲಕ್ಸು.

ರಿಲೇಗೆ ಯಾಕಿಷ್ಟು ಜಾಗ್ರತೆ ಎಂದರೆ, ಕರಗಿದ ಫ್ಲಕ್ಸು ಕಾಂಟ್ಯಾಕ್ಟ್ ಮೇಲೆ ಕೂತು ಒಣಗಿದರೆ ಕ್ಲಿಕ್ ಶಬ್ದ ಬರುತ್ತದೆ, ಮೋಟಾರ್ ಮಾತ್ರ ಏಳುವುದಿಲ್ಲ. ಪಾರದರ್ಶಕ ಅಕ್ರಿಲಿಕ್ ಮುಚ್ಚಳಕ್ಕೂ ಐಪಿಎ ತಾಗಿಸಬೇಡಿ, ಕೂದಲೆಳೆಯಂಥ ಬಿರುಕು ಬೀಳುತ್ತದೆ.

ಕೊಳ್ಳುವಾಗ ಹ್ಯಾಂಡ್ ರಬ್ ತರಬೇಡಿ. ಗ್ಲಿಸರಿನ್, ಬಣ್ಣ ಬೋರ್ಡಿನ ಮೇಲೇ ಉಳಿಯುತ್ತವೆ. ಶೇ. 70ರದ್ದು ಕ್ರಿಮಿ ಕೊಲ್ಲಲು ಒಳ್ಳೆಯದೇ, ಪ್ರೋಟೀನ್ ಕೆಡಿಸಲು ಅದರಲ್ಲಿನ ನೀರು ಬೇಕು. ಸಂದಿಯ ನೀರನ್ನು ಎಳೆದು ತರಬೇಕಾದ ನಮ್ಮ ಕೆಲಸಕ್ಕೆ ಆ ನೀರೇ ಕಂಟಕ. ಅನುಮಾನವಿದ್ದರೆ ಚೂರು ಐಪಿಎಗೆ ಅಡುಗೆ ಉಪ್ಪು ಹಾಕಿ ಕುಲುಕಿ: ನೀರು ಬಹಳವಿದ್ದರೆ ಕೆಳಗೆ ಬೇರೆ ಪದರ ನಿಲ್ಲುತ್ತದೆ. ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವವನ್ನೂ ಹೀರುತ್ತದೆ.

ಫ್ಯಾನ್ ಕೆಳಗೆ ಒಂದು ಗಂಟೆ ಒಣಗಿಸಿ, ಸೀರೀಸ್ ಬಲ್ಬ್ (ಶಾರ್ಟ್ ಇದ್ದರೂ ಕರೆಂಟ್ ಮಿತಿಯಲ್ಲಿಡಲು ಸರಣಿಯಲ್ಲಿ ಸೇರಿಸುವ ಬಲ್ಬ್) ಹಾಕಿ ಪರೀಕ್ಷಿಸಿ. ಅವಸರಕ್ಕೆ ಹಾಟ್ ಏರ್ ಗನ್ ಬೇಡ. ಐಪಿಎ ಫ್ಲ್ಯಾಶ್ ಪಾಯಿಂಟ್ (ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ) ಸುಮಾರು 12 ಡಿಗ್ರಿ, ನಮ್ಮ ಅಂಗಡಿಗಳು ಚಳಿಗಾಲದಲ್ಲೂ ಅದಕ್ಕಿಂತ ಬೆಚ್ಚಗೇ ಇರುತ್ತವೆ. ಆವಿ ಗಾಳಿಗಿಂತ ಭಾರ, ಮೇಜಿನ ಮೇಲೇ ಹರಿದು ಕಿಡಿ ಹುಡುಕುತ್ತದೆ. ಕೊನೆಗೆ ಕನೆಕ್ಟರಿಗೂ ಸಿಮ್ ಸ್ಲಾಟಿಗೂ ಟೇಪ್ ಹಚ್ಚಿ, ಅಕ್ರಿಲಿಕ್ ಕೋಟಿಂಗ್ ಎರಡು ತೆಳು ಪದರ ಕೊಡಿ. ವಾಪಸ್ ಕೂರಿಸುವಾಗ ಆ ಕೇಬಲ್ ತೂತಿಗೆ ಗ್ಲ್ಯಾಂಡ್ (ಕೇಬಲ್ ಸುತ್ತ ಸಂದಿ ಮುಚ್ಚುವ ಬಿಗಿ ಬಳೆ) ಹಾಕಿ.