ಮನಸ್ಸಿದೆ, ಕೈ ಏಳುತ್ತಿಲ್ಲ

ಬೆಳಗಾವಿಯಲ್ಲಿ ಬಾಕ್ಸಿಂಗ್ ಕಲಿಯಲು ಬರುವ ಹುಡುಗರಲ್ಲಿ ಛಲದ ಕೊರತೆಯನ್ನು ನಾನು ಕಂಡದ್ದು ಕಡಿಮೆ. ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟಲ್ ಕೇಂದ್ರವಿರುವ ಊರು ಇದು. ಸುತ್ತಲಿನ ಹಳ್ಳಿಗಳ ಗರಡಿ ಮನೆಗಳಲ್ಲಿ ಇಂದಿಗೂ ಮಣ್ಣಿನ ಮೇಲೆ ಕುಸ್ತಿ ನಡೆಯುತ್ತದೆ. ಸೈನ್ಯ ಸೇರಬೇಕೆಂದು ನಸುಕಿನಲ್ಲಿ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಓಡುವವರು, ಜಾತ್ರೆಯ ಕಣಗಳಲ್ಲಿ ಹೆಸರು ಮಾಡಿದ ಪೈಲ್ವಾನರ ಮಕ್ಕಳು ನನ್ನ ಬಳಿ ಬರುತ್ತಾರೆ, ಮತ್ತು ಇವರಿಗೆ ಪೆಟ್ಟಿನ ಅಂಜಿಕೆ ಅಷ್ಟಾಗಿ ಇರುವುದಿಲ್ಲ. ಆದರೂ ಇವರಲ್ಲಿ ಹೆಚ್ಚಿನವರು ಮೊದಮೊದಲ ಸ್ಪರ್ಧೆಗಳಲ್ಲಿ ತಮಗಿಂತ ಮೆತ್ತಗೆ ಕಾಣುವ ಎದುರಾಳಿಗಳಿಗೆ ಸೋಲುತ್ತಾರೆ. ಬಾಕ್ಸಿಂಗಿನಲ್ಲಿ ಛಲ ಮುಖ್ಯವೋ ಕೌಶಲ ಮುಖ್ಯವೋ ಎಂದು ಪಾಲಕರು ಕೇಳಿದಾಗಲೆಲ್ಲ ಆ ಸೋಲುಗಳನ್ನು ನೆನೆದೇ ನಾನು ಉತ್ತರಿಸುತ್ತೇನೆ: ಛಲವನ್ನು ಖರ್ಚು ಮಾಡಬೇಕಾದ ಜಾಗ ತಾಲೀಮು, ರಿಂಗಿಗೆ ಬರುವ ಹೊತ್ತಿಗೆ ಅದರ ಬಹುಭಾಗ ಕೌಶಲವಾಗಿ ಕೈಕಾಲುಗಳಲ್ಲಿ ಇಳಿದಿರಬೇಕು.

ನಾನೂ ಗರಡಿಯಿಂದಲೇ ಈ ಕಡೆ ಬಂದವನು. ದಂಡ, ಬೈಠಕ್, ಹಗ್ಗ ಹತ್ತುವುದು, ಯಳ್ಳೂರ ಗಡದ ಏರಿನಲ್ಲಿ ಓಡುವುದು ಇವೆಲ್ಲ ಮೈಗೆ ಹತ್ತಿದ್ದವು, ದಮ್ ಇತ್ತು. ಆದರೆ ಗ್ಲೌಸ್ ಕಟ್ಟಿಕೊಂಡು ನಿಂತ ಆರಂಭದ ದಿನಗಳಲ್ಲಿ ಎರಡನೆಯ ರೌಂಡು ಮುಗಿಯುವ ಮೊದಲೇ ಭುಜಗಳು ಕಲ್ಲಾಗುತ್ತಿದ್ದವು. ಕುಸ್ತಿಯಲ್ಲಿ ಹಿಡಿತವೇ ಬಲವಾದ್ದರಿಂದ ಮೈ ಬಿಗಿಹಿಡಿದೇ ಕೆಲಸ ಮಾಡಲು ಕಲಿತಿರುತ್ತದೆ. ಬಾಕ್ಸಿಂಗ್ ಇದಕ್ಕೆ ತಿರುವುಮುರುವು. ಮುಷ್ಟಿ ಬಿಗಿಯಾಗಬೇಕಾದದ್ದು ತಗಲುವ ಆ ಒಂದು ಕ್ಷಣದಲ್ಲಿ ಮಾತ್ರ, ಉಳಿದ ಹೊತ್ತೆಲ್ಲ ಕೈ ಸಡಿಲವಾಗಿರಬೇಕು. ಹೊಡೆತದ ಜೊತೆ ಉಸಿರನ್ನು ಮೂಗಿನಿಂದ ಚುರುಕಾಗಿ ಹೊರಗೆ ಬಿಡಬೇಕು. ಉಸಿರು ಹಿಡಿದು ಹೊಡೆಯುವವನು ಎಷ್ಟೇ ಗಟ್ಟಿಗನಾಗಿರಲಿ, ನಿಮಿಷಗಳಲ್ಲಿ ಏದುಸಿರಿಗೆ ಬರುತ್ತಾನೆ. ತಗಲಿದ ಹೊಡೆತಕ್ಕಿಂತ ತಪ್ಪಿದ ಹೊಡೆತ ಹೆಚ್ಚು ದಣಿಸುತ್ತದೆ, ಏಕೆಂದರೆ ಗಾಳಿಗೆ ಹೋದ ಕೈಯನ್ನು ತಡೆದು ಹಿಂದಕ್ಕೆ ತರುವ ಕೆಲಸವೂ ನಮ್ಮ ಸ್ನಾಯುಗಳ ಪಾಲಿಗೇ ಬರುತ್ತದೆ. ಇದನ್ನೆಲ್ಲ ಮೈ ತಿಳಿದುಕೊಂಡ ಮೇಲೆ, ನನ್ನ ಛಲದಲ್ಲಿ ಏನೂ ಬದಲಾಗದಿದ್ದರೂ, ಮೂರನೆಯ ರೌಂಡಿನಲ್ಲಿ ನಾನು ಬೇರೆಯೇ ಮನುಷ್ಯನಂತೆ ನಿಲ್ಲತೊಡಗಿದೆ. ನೋಡುತ್ತಿದ್ದ ಹಿರಿಯರೊಬ್ಬರು ನನಗೆ ಈಗ ಜಿದ್ದು ಬಂದಿದೆ ಎಂದು ಮೆಚ್ಚಿಕೊಂಡರು. ಬಂದಿದ್ದದ್ದು ಉಸಿರು.

ಈಗ ಕಲಿಸುವಾಗ ನಾನು ಮೊದಲು ನೋಡುವುದೂ ಇದನ್ನೇ. ಮುಷ್ಟಿಯುದ್ಧ ಎಂದೊಡನೆ ಹುಡುಗರಿಗೆ ಬಲಗೈಯ ಹೊಡೆತ ಬೇಕು. ನಾನು ವಾರಗಟ್ಟಲೆ ಎಡಗೈಯ ಜ್ಯಾಬ್, ಅಂದರೆ ಮುಂದಿನ ಕೈಯ ಚುರುಕಾದ ನೇರ ಹೊಡೆತ, ಮಾತ್ರ ಹಾಕಿಸುತ್ತೇನೆ. ಕನ್ನಡಿಯ ಎದುರು, ನಂತರ ಬ್ಯಾಗಿನ ಮೇಲೆ, ನಂತರ ನಾನು ಕೈಗೆ ಹಾಕಿಕೊಂಡು ಒಡ್ಡುವ ಪ್ಯಾಡಿನ ಮೇಲೆ. ಕೈ ಹೋದ ವೇಗದಲ್ಲೇ ಕೆನ್ನೆಗೆ ಮರಳಬೇಕು, ಗದ್ದ ಭುಜದ ಹಿಂದೆ ಅಡಗಿರಬೇಕು, ಮುಂದಿನ ಕಾಲು ಹೊಡೆತದೊಂದಿಗೇ ಸರಿಯಬೇಕು. ಇದು ಬೇಸರದ ಕೆಲಸ, ಮತ್ತು ಛಲದ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ ಎಂಬುದು ನನ್ನ ಎಣಿಕೆ. ಮೂಗಿಗೆ ಪೆಟ್ಟು ತಿಂದು ನಗುತ್ತ ನಿಲ್ಲುವ ಎಷ್ಟೋ ಮಂದಿ, ಯಾರೂ ನೋಡದ ಮಳೆಗಾಲದ ಸಂಜೆ ಅದೇ ಜ್ಯಾಬನ್ನು ಇನ್ನೊಮ್ಮೆ ಹಾಕು ಎಂದಾಗ ಕಾಣೆಯಾಗುತ್ತಾರೆ. (ಬೆಳಗಾವಿಯ ಮಳೆಗಾಲ ಎಂತಹದೆಂದು ಗೊತ್ತಿದ್ದವರು ಅವರನ್ನು ಪೂರ್ತಿ ದೂರಲಾರರು.)

ಒಮ್ಮೆ ಸ್ಪಾರಿಂಗಿನ (ಅಭ್ಯಾಸದ ಕಾದಾಟದ) ಕೊನೆಯ ರೌಂಡಿಗೆ ಮುಂಚೆ ಒಬ್ಬ ಹುಡುಗ ನನಗೆ ಹೇಳಿದ್ದ: "ಸರ್, ಮನಸ್ ಐತ್ರಿ, ಕೈ ಏಳವಲ್ವು." ಈ ವಿಷಯದ ಬಗ್ಗೆ ನಾನು ಕೇಳಿದ ಅತ್ಯಂತ ನಿಖರವಾದ ಮಾತು ಅದು. ಅಂದಿನಿಂದ ದಣಿದ ಮೇಲಿನ ಕೌಶಲಕ್ಕೆಂದೇ ಬೇರೆ ಅಭ್ಯಾಸ ಇಟ್ಟಿದ್ದೇನೆ. ಸ್ಕಿಪ್ಪಿಂಗ್ ಮತ್ತು ಬ್ಯಾಗಿನ ಕೆಲಸದಿಂದ ಪೂರ್ತಿ ಸುಸ್ತಾದವನನ್ನು ತಕ್ಷಣ ಪ್ಯಾಡಿಗೆ ಕರೆದು, ಜೋರಿಗೆ ಬೆಲೆ ಕೊಡದೆ, ಹೊಡೆತದ ಅಚ್ಚುಕಟ್ಟನ್ನು ಮಾತ್ರ ನೋಡುತ್ತೇನೆ. ಎಡಗೈ ಕೆನ್ನೆಗೆ ಬರುವ ಬದಲು ಎದೆಯ ಮಟ್ಟಕ್ಕೆ ಬಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಕೆಟ್ಟ ರೂಪದಲ್ಲಿ ಇನ್ನಷ್ಟು ಹೊಡೆಸಿದರೆ ಮೈ ಆ ಕೆಟ್ಟ ರೂಪವನ್ನೇ ಕಲಿಯುತ್ತದೆ. ಛಲದ ಹೆಸರಿನಲ್ಲಿ ನಡೆಯುವ ಬಹಳಷ್ಟು ತಾಲೀಮು ಇದನ್ನೇ ಮಾಡುತ್ತದೆ ಎಂದು ನನಗನಿಸುತ್ತದೆ.

ಅಮೆಚೂರ್ ಬಾಕ್ಸಿಂಗಿನ ಲೆಕ್ಕವೂ ಇದಕ್ಕೆ ಪೂರಕವಾಗಿದೆ. ಮೂರು ನಿಮಿಷಗಳ ಮೂರು ರೌಂಡು, ನಡುವೆ ಒಂದೊಂದು ನಿಮಿಷದ ವಿರಾಮ. ರೌಂಡು ಗೆದ್ದವನಿಗೆ 10 ಅಂಕ, ಸೋತವನಿಗೆ ಸಾಮಾನ್ಯವಾಗಿ 9. ತೀರ್ಪುಗಾರರು ನೋಡಬೇಕಾದ ಅಂಶಗಳು ಮೂರು: ಸರಿಯಾದ ಜಾಗಕ್ಕೆ ಬಿದ್ದ ಗುಣಮಟ್ಟದ ಹೊಡೆತಗಳು, ತಂತ್ರ ಮತ್ತು ಯೋಜನೆಯಿಂದ ಸಾಧಿಸಿದ ಮೇಲುಗೈ, ಮತ್ತು ಪೈಪೋಟಿಯ ಮನೋಭಾವ. ಛಲಕ್ಕೆ ಹತ್ತಿರವಾದದ್ದು ಆ ಮೂರನೆಯದು. ಉಳಿದ ಎರಡರಲ್ಲಿ ಹಿಂದೆ ಬಿದ್ದವನನ್ನು ಅದೊಂದೇ ಎತ್ತಿದ್ದನ್ನು ನಾನು ನೋಡಿಲ್ಲ. ಎರಡೂ ಸರಿಸಮವಾದಾಗ ಮುಂದೆ ನುಗ್ಗಿದವನ ಕಡೆಗೆ ರೌಂಡು ವಾಲಿದ್ದನ್ನು ಹಲವು ಬಾರಿ ನೋಡಿದ್ದೇನೆ.

ಛಲಕ್ಕೆ ಉದಾಹರಣೆಯಾಗಿ ಹುಡುಗರು ಯಾವಾಗಲೂ ಹೇಳುವುದು 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಜಾರ್ಜ್ ಫೋರ್‌ಮನ್‌ನನ್ನು ಎಂಟನೆಯ ರೌಂಡಿನಲ್ಲಿ ಕೆಡವಿದ್ದನ್ನು. ಅಲಿಗೆ ಆಗ 32 ವರ್ಷ, ಫೋರ್‌ಮನ್‌ಗೆ 25. ಆ ಪಂದ್ಯದ ಚಿತ್ರವನ್ನು ನಿಧಾನವಾಗಿ ನೋಡಿಸಿದಾಗ ಹುಡುಗರ ಅಭಿಪ್ರಾಯ ಸ್ವಲ್ಪ ಬದಲಾಗುತ್ತದೆ. ಹಗ್ಗಕ್ಕೆ ಒರಗಿ ಬಹುಪಾಲು ಹೊಡೆತಗಳನ್ನು ತೋಳು ಮತ್ತು ಗ್ಲೌಸುಗಳ ಮೇಲೆ ತೆಗೆದುಕೊಳ್ಳುವುದು, ಹತ್ತಿರ ಬಂದಾಗ ಕುತ್ತಿಗೆ ಹಿಡಿದು ಎಳೆದು ಭಾರ ಹಾಕುವುದು, ನಡುನಡುವೆ ಚುರುಕಾದ ನೇರ ಹೊಡೆತ ಕೊಟ್ಟು ಮತ್ತೆ ಮುಚ್ಚಿಕೊಳ್ಳುವುದು. ಎದುರಾಳಿಯ ದಮ್ಮನ್ನು ಖಾಲಿ ಮಾಡುವ ಈ ಲೆಕ್ಕಾಚಾರ ಬರಿಯ ಸಹನೆಯಿಂದ ಆಗುವಂಥದ್ದಲ್ಲ. ಹಾಗೆಂದು ಛಲವಿಲ್ಲದವನು ಫೋರ್‌ಮನ್‌ನ ಮುಂದೆ ಹಗ್ಗಕ್ಕೆ ಒರಗುವ ಧೈರ್ಯವನ್ನೂ ಮಾಡಲಾರ.

ನನ್ನ ಮಾತಿಗೆ ಇನ್ನೂ ಹತ್ತಿರದ ಸಾಕ್ಷಿ ಪನಾಮಾದ ಬಾಕ್ಸರ್ ರಾಬರ್ಟೊ ಡುರಾನ್. 1980ರ ಜೂನಿನಲ್ಲಿ ಮಾಂಟ್ರಿಯಲ್‌ನಲ್ಲಿ ಶುಗರ್ ರೇ ಲಿಯೊನಾರ್ಡ್‌ನನ್ನು ಅಂಟಿಕೊಂಡು ಕಾದಾಡಿ ಸೋಲಿಸಿದ ಆತ ಮಹಾ ಹಠಮಾರಿ ಎಂದೇ ಹೆಸರಾಗಿದ್ದವನು. ಅದೇ ವರ್ಷ ನವೆಂಬರಿನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಲಿಯೊನಾರ್ಡ್ ನಿಂತು ಹೊಡೆದಾಡಲು ಒಪ್ಪದೆ, ಸರಿಯುತ್ತ, ಸುತ್ತುತ್ತ, ಅಣಕಿಸುತ್ತ ಆಡಿದಾಗ, ಎಂಟನೆಯ ರೌಂಡಿನಲ್ಲಿ ಡುರಾನ್ ತಾನಾಗಿಯೇ ಕೈಬಿಟ್ಟು ಹಿಂದೆ ತಿರುಗಿದ. ಹೊಟ್ಟೆಯ ಸಂಕಟವೇ ಕಾರಣವೆಂದು ಆತ ಆಮೇಲೆ ಹೇಳಿಕೊಂಡ. ನಾನು ಅದರಲ್ಲಿ ಕಾಣುವುದು ಬೇರೆ: ಕೌಶಲವು ಎದುರಾಳಿಯ ಛಲವನ್ನೇ ಗುರಿ ಮಾಡಬಲ್ಲದು. ಹೊಡೆದದ್ದೆಲ್ಲ ಗಾಳಿಗೆ ಹೋಗುತ್ತಿದ್ದರೆ ಎಂಥವನ ಮನಸ್ಸೂ ಕುಗ್ಗುತ್ತದೆ.

ನಮ್ಮ ದೇಶದವರೇ ಆದ ಸತೀಶ್ ಕುಮಾರ್ ಅವರ ಪಂದ್ಯವನ್ನೂ ತೋರಿಸುತ್ತೇನೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಸೂಪರ್ ಹೆವಿವೇಟ್ ವಿಭಾಗದಲ್ಲಿ, ಹಿಂದಿನ ಪಂದ್ಯದಲ್ಲಾದ ಗಾಯಗಳಿಗೆ 13 ಹೊಲಿಗೆ ಹಾಕಿಸಿಕೊಂಡು, ಈ ಸೈನಿಕ ಕ್ವಾರ್ಟರ್ ಫೈನಲ್ಲಿಗೆ ಇಳಿದರು. ಎದುರಿಗೆ ಉಜ್ಬೇಕಿಸ್ತಾನದ ಬಖೋದಿರ್ ಜಲೊಲೊವ್. ಸತೀಶ್ ಮೂರೂ ರೌಂಡು ನಿಂತರು; ಗಾಯ ಮತ್ತೆ ಬಿಚ್ಚಿಕೊಂಡರೂ ನಿಂತರು. ಐವರು ತೀರ್ಪುಗಾರರೂ ಪಂದ್ಯವನ್ನು ಜಲೊಲೊವ್‌ಗೆ ಕೊಟ್ಟರು, ಆತ ಮುಂದೆ ಚಿನ್ನವನ್ನೂ ಗೆದ್ದ. ಸತೀಶರ ಬಗ್ಗೆ ನನಗಿರುವ ಗೌರವಕ್ಕೂ ಆ ಪಂದ್ಯದ ಅಂಕಗಳಿಗೂ ಸಂಬಂಧವಿಲ್ಲ, ಮತ್ತು ಹುಡುಗರು ಈ ಎರಡನ್ನೂ ಬೇರೆಬೇರೆಯಾಗಿ ನೋಡಲು ಕಲಿಯಬೇಕೆಂಬುದೇ ನನ್ನ ಉದ್ದೇಶ.

ಕೌಶಲ ಏನೂ ಮಾಡಲಾಗದ ಒಂದು ಜಾಗ ಖಂಡಿತ ಇದೆ: ಮೊದಲ ಬಾರಿ ಮುಖಕ್ಕೆ ಗಟ್ಟಿಯಾದ ಪೆಟ್ಟು ಬಿದ್ದು ಕಣ್ಣಲ್ಲಿ ನೀರು ತುಂಬಿದ ಕ್ಷಣ. ಕಲಿತದ್ದೆಲ್ಲ ಆಗ ಮರೆತು ಹೋಗುತ್ತದೆ, ಮುಖ ತಿರುಗಿಸಬೇಕೆನಿಸುತ್ತದೆ. ಅಲ್ಲಿ ಮರಳಿ ಎದುರಾಳಿಯ ಕಡೆಗೆ ನೋಡುವುದು ಶುದ್ಧ ಮನೋಬಲದ ಕೆಲಸ. ಅದಕ್ಕೂ ಮೆಲ್ಲಗೆ ಒಗ್ಗಿಸಬಹುದು. ಜೋಡಿಯವನಿಂದ ಹಗುರವಾಗಿ ಹಣೆಗೆ ತಟ್ಟಿಸುತ್ತ ಕಣ್ಣು ಮುಚ್ಚದಿರುವುದನ್ನು ರೂಢಿಸುತ್ತೇನೆ, ಬರಬರುತ್ತ ವೇಗ ಹೆಚ್ಚಿಸುತ್ತೇನೆ. ಆದರೂ ಒಬ್ಬೊಬ್ಬರಲ್ಲಿ ಅದು ಹುಟ್ಟಿನಿಂದಲೇ ಇರುವಂತೆ ತೋರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಹಾಗೆ ಹುಟ್ಟಿನಿಂದ ಛಲವಂತರಾದವರ ಬಗ್ಗೆಯೇ ನನಗೆ ಹೆಚ್ಚು ಎಚ್ಚರಿಕೆ. ಅವರು ತಾವಾಗಿ ನಿಲ್ಲಿಸುವುದಿಲ್ಲ. 1975ರಲ್ಲಿ ಅಲಿಯ ವಿರುದ್ಧ ನಡೆದ ಮನಿಲಾ ಪಂದ್ಯದಲ್ಲಿ ಕಣ್ಣುಗಳು ಊದಿ ಮುಚ್ಚುತ್ತಿದ್ದ ಜೋ ಫ್ರೇಜಿಯರ್ ಹದಿನೈದನೆಯ ರೌಂಡಿಗೆ ಏಳಲು ಸಿದ್ಧನಿದ್ದಾಗ, ತರಬೇತುದಾರ ಎಡ್ಡಿ ಫಚ್ ಆತನನ್ನು ಸ್ಟೂಲಿನಿಂದ ಏಳಗೊಡಲಿಲ್ಲ. ನಾನು ಕಾರ್ನರಿನಲ್ಲಿ (ನಮ್ಮ ಕಡೆಯ ರಿಂಗಿನ ಮೂಲೆಯಲ್ಲಿ), ಪಂದ್ಯ ನಿಲ್ಲಿಸಲು ಎಸೆಯುವ ಟವೆಲನ್ನು ಕೈಯಳತೆಯಲ್ಲೇ ಇಟ್ಟುಕೊಂಡಿರುತ್ತೇನೆ. ತಲೆಗೆ ಪೆಟ್ಟು ಬಿದ್ದು ನಾಕೌಟ್ ಆದವರು ಕನಿಷ್ಠ 30 ದಿನ ಸ್ಪಾರಿಂಗನ್ನೂ ಮಾಡುವಂತಿಲ್ಲ ಎಂಬ ನಿಯಮವನ್ನು, ಹುಡುಗ ಎಷ್ಟೇ ಗೋಗರೆದರೂ, ಸಡಿಲಿಸುವುದಿಲ್ಲ. ಇದರಿಂದ ಮುನಿಸಿಕೊಂಡು ತಾಲೀಮು ಬಿಟ್ಟವರೂ ಇದ್ದಾರೆ.

ಇನ್ನು ವಿರಾಮದ ಆ ಒಂದು ನಿಮಿಷದ ಮಾತು. ನೀರು ಬಾಯಿಗೆ ಹಾಕಿ, ಮುಖ ಒರೆಸಿ, ಉಸಿರು ಇಳಿಯಲು ಬಿಟ್ಟ ಮೇಲೆ ಮಾತಿಗೆ ಉಳಿಯುವುದು ಕೆಲವೇ ಸೆಕೆಂಡು. ಹಿಂದಿನ ಸಾಲಿನಿಂದ ತಂದೆಯೋ ಕಾಕಾನೋ "ಜಿದ್ದ್ ಬಿಡಬ್ಯಾಡೋ" ಎಂದು ಕೂಗುತ್ತಿರುತ್ತಾರೆ, ಅವರ ಕೂಗು ಅವರ ಪ್ರೀತಿ. ನಾನು ಹೇಳುವುದು ಒಂದೇ ವಾಕ್ಯ, ಅದೂ ಕೈಕಾಲಿಗೆ ಸಂಬಂಧಿಸಿದ್ದು: ಜ್ಯಾಬ್ ಹಾಕಿದ ಮೇಲೆ ಎಡಕ್ಕೆ ಸರಿ, ಅಥವಾ ಅವನ ಬಲಗೈ ಕೆಳಗಿದೆ, ಹುಕ್ (ಮೊಣಕೈ ಬಾಗಿಸಿ ಬದಿಯಿಂದ ಕೊಡುವ ಹೊಡೆತ) ಹಾಕು. ಎರಡನೆಯ ವಾಕ್ಯವನ್ನು ಆ ಸ್ಥಿತಿಯಲ್ಲಿ ಯಾರೂ ನೆನಪಿಟ್ಟುಕೊಂಡದ್ದನ್ನು ನಾನು ಇದುವರೆಗೆ ಕಂಡಿಲ್ಲ.